ಗಡಿಗೆಗೆ ಮರಳಿದ ಅಕ್ಕಿ

ಶಿವಮೊಗ್ಗದ ಗಾಂಧಿ ಬಜಾರಿನ ಜವಳಿ ಅಂಗಡಿಯೊಂದರ ಮಹಡಿಯ ಮೇಲೆ ಜೀವನಮಟ್ಟ ಸಮೀಕ್ಷೆಯ ಕಚೇರಿ ತೆರೆದದ್ದು ೧೯೫೯ರ ದಸರೆ ಕಳೆದ ಮೇಲೆ. ಎರಡು ಮೇಜು, ಮೂರು ಕುರ್ಚಿ, ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು, ಇಷ್ಟೇ ಅಲ್ಲಿಯ ಆಸ್ತಿ. ಆದರೆ ಗೋಡೆಗೆ ತೂಗುಹಾಕಿದ್ದ ಪಟ್ಟಿಯಲ್ಲಿ ಮಾತ್ರ ಇಡೀ ಭೂಮಂಡಲವೇ ಇತ್ತು. ಯಾವ ದೇಶದ ಮನುಷ್ಯ ದಿನಕ್ಕೆ ಎಷ್ಟು ಕ್ಯಾಲೊರಿ ಆಹಾರ ತಿನ್ನುತ್ತಾನೆ, ವರ್ಷಕ್ಕೆ ಎಷ್ಟು ಕಾಗದ ಬರೆಯುತ್ತಾನೆ, ಸಾವಿರ ಜನಕ್ಕೆ ಎಷ್ಟು ಮಂದಿ ಡಾಕ್ಟರು, ತಲೆಗೆ ಎಷ್ಟು ಕಬ್ಬಿಣ ಎಂದು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಬರೆದಿದ್ದರು. ಮೇಲಿದ್ದವರು ಮುಂದುವರಿದವರು, ಕೆಳಗಿದ್ದವರು ಹಿಂದುಳಿದವರು. ಪಟ್ಟಿಯ ಪಕ್ಕದಲ್ಲಿ ನಮ್ಮ ಊರುಗಳ ಹೆಸರು ತುಂಬಲು ಖಾಲಿ ಜಾಗ ಬಿಟ್ಟಿತ್ತು.

ಆ ಜಾಗವನ್ನು ತುಂಬುವುದೇ ಸೂಪರಿಂಟೆಂಡೆಂಟ್ ನರಸಿಂಹಮೂರ್ತಿಗಳ ಹೊಣೆ. ಅವರು ಹದಿನೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಬಂದವರು. ಅಳೆಯಲಾಗದ್ದು ಜಗತ್ತಿನಲ್ಲಿ ಇರಬಹುದೆಂದು ಒಪ್ಪುತ್ತಿದ್ದರು. ಆದರೆ ಅಂಥದ್ದರ ಬಗ್ಗೆ ಮಾತಾಡಿ ಹೊತ್ತು ಕಳೆಯುತ್ತಿರಲಿಲ್ಲ. ಅವರ ಕೈಕೆಳಗೆ ಮನೆಮನೆ ಸುತ್ತಿ ವಿವರ ತರುವವನು ಷಣ್ಮುಖಪ್ಪ. ಹೊಳಲೂರಿನವನು, ಇಂಟರ್‌ಮೀಡಿಯೇಟ್ ಪಾಸಾಗಿ ಆರು ವರ್ಷ ಅಲ್ಲಿ ಇಲ್ಲಿ ಗುಮಾಸ್ತಿಕೆ ಮಾಡಿದವನು. ಈ ಕೆಲಸ ಸಿಕ್ಕ ಮೇಲೆಯೇ ಅವನು ಶಿವಮೊಗ್ಗದಲ್ಲಿ ಎರಡು ಅಂಕಣದ ಮನೆ ಹಿಡಿದು ಹೆಂಡತಿಯನ್ನು ಕರೆಸಿಕೊಂಡಿದ್ದ. ನೌಕರಿ ತಾತ್ಕಾಲಿಕ. ಮಾರ್ಚ್ ಕೊನೆಗೆ ಮುಂದುವರಿಸುವುದೋ ಬಿಡುವುದೋ ಮೇಲಿನವರ ಮರ್ಜಿ. ಕೆಲಸದಲ್ಲಿ ದೋಷ ಕಾಣದಿದ್ದರೆ ಮುಂದುವರಿಯುತ್ತದೆಂದು ನರಸಿಂಹಮೂರ್ತಿಗಳು ಹೇಳಿದ್ದರು.

ಅವನ ಪಾಲಿಗೆ ಬಂದದ್ದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಾರ್ಮಿಕರ ಸಾಲುಮನೆಗಳು, ಒಟ್ಟು ಇನ್ನೂರು ಸಂಸಾರ. ಬೆಳಗಿನ ರೈಲಿಗೆ ಹೋಗಿ, ಒಂದೊಂದು ಮನೆಯ ಜಗುಲಿಯ ಮೇಲೆ ಕೂತು, ಆ ಮನೆಯಲ್ಲಿ ಅಂದು ಬೇಯುವುದನ್ನೆಲ್ಲ ನಮೂನೆಯಲ್ಲಿ ಬರೆದುಕೊಳ್ಳಬೇಕು. ಲಿಂಗಾಯತರ ಮನೆಯಾಗಲಿ, ತಮಿಳರ ಮನೆಯಾಗಲಿ, ಪರಗಂಡಸು ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ಅದಕ್ಕಾಗಿ ಕಾಶಮ್ಮನನ್ನು ಗೊತ್ತುಮಾಡಿಕೊಂಡಿದ್ದ. ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡವನ ಹೆಂಡತಿ ಆಕೆ. ಸಾಲಿನ ಎಲ್ಲ ಮನೆಗೂ ನುಗ್ಗುವ ಸಲಿಗೆಯಿತ್ತು. ಕಾಶಮ್ಮ ನಡುಬಾಗಿಲಿನಲ್ಲಿ ಕೂತು ಅವನ ಪ್ರಶ್ನೆಯನ್ನು ಒಳಕ್ಕೆ ದಾಟಿಸುತ್ತಿದ್ದಳು, ಉತ್ತರವನ್ನು ಹೊರಕ್ಕೆ ತರುತ್ತಿದ್ದಳು. ಒಳಗೆ ಪಾವು ಅಕ್ಕಿಯೊಳಕ್ಕೆ ಇಳಿಯುವ ಸದ್ದು, ಹೆಂಗಸು ಗಟ್ಟಿಯಾಗಿ ಎಣಿಸುವ ಸದ್ದು, ಹೊರಗೆ ಅವನ ಪೆನ್ಸಿಲ್ಲಿನ ಸದ್ದು. ಪ್ರತಿ ನಮೂನೆಯ ಕೊನೆಗೆ 'ಅಳತೆಯನ್ನು ಖುದ್ದಾಗಿ ಪರಿಶೀಲಿಸಲಾಗಿದೆ' ಎಂಬ ಅಚ್ಚಿನ ಸಾಲಿತ್ತು. ಅದರ ಕೆಳಗೆ ಅವನು ಇನ್ನೂರು ಸಲ ರುಜು ಹಾಕಿದ.

ಕುಲುಮೆಯಲ್ಲಿ ಕೆಲಸ ಮಾಡುವ ಭೂತಪ್ಪನೆಂಬವನು ಪಾಳಿ ಮುಗಿಸಿ ಬಂದಾಗಲೆಲ್ಲ ಅವನನ್ನು ಕೆಣಕದೆ ಬಿಡುತ್ತಿರಲಿಲ್ಲ.

"ಏನ್ ಷಣ್ಮುಖಪ್ಪಣ್ಣ, ನಮ್ಮೂರಲ್ಲಿ ತಲೆಗೆ ಇಷ್ಟು ಮಣ ಕಬ್ಬಿಣ ಅಂತ ಬರ್ದಿದ್ದೀರಂತೆ?"

"ಕಾರ್ಖಾನೇಲಿ ತಯಾರಾಗಿದ್ದನ್ನ ಊರಿನ ಜನಕ್ಕೆ ಭಾಗಿಸಿದ್ದಾರಪ್ಪ. ಹಾಗೆ ನೋಡಿದ್ರೆ ಭದ್ರಾವತಿ ಅಮೆರಿಕದ ಪಕ್ಕಕ್ಕೇ ಬರುತ್ತೆ."

"ಹಾಗಾದ್ರೆ ನನ್ನ ಪಾಲಿಂದು ಯಾವಾಗ ಕೊಡ್ತೀಯ ಮಾರಾಯ? ಹೆಂಡ್ತಿ ಆರು ತಿಂಗಳಿಂದ ಒಂದು ಬಾಣಲೆ ಕೇಳ್ತಾ ಇದ್ದಾಳೆ."

ಕಬ್ಬಿಣದ ಲೆಕ್ಕ ತಮಾಷೆಗೆ ಒದಗಿತು. ಅನ್ನದ ಲೆಕ್ಕ ಹಾಗಿರಲಿಲ್ಲ. ಹೊರದೇಶದ ಸಂಸ್ಥೆಯೊಂದು ಹಾಲಿನ ಪುಡಿ ಕೊಡಲು ಮುಂದೆ ಬಂದಿತ್ತು. ದಿನಕ್ಕೆ ತಲೆಗೆ ಎರಡು ಸಾವಿರ ಕ್ಯಾಲೊರಿಗಿಂತ ಕಡಿಮೆ ತಿನ್ನುವ ಊರಿನಲ್ಲಿ ಮಕ್ಕಳಿಗೂ ಮೊಲೆಯೂಡುವ ತಾಯಂದಿರಿಗೂ ಹಾಲಿನ ಕೇಂದ್ರ, ಮೇಲಿದ್ದರೆ ಇಲ್ಲ. ಗೆರೆ ಎಲ್ಲ ದೇಶಕ್ಕೂ ಒಂದೇ. ಜನವರಿಯಲ್ಲಿ ನರಸಿಂಹಮೂರ್ತಿಗಳು ಕೂಡಿ ಕಳೆದು ನೋಡಿದಾಗ ಭದ್ರಾವತಿಯ ಸಾಲುಮನೆಗಳಿಗೆ ಬಂದ ಅಂಕಿ ಎರಡು ಸಾವಿರದ ನಲವತ್ತು. ಅವರು ಅದನ್ನು ಪಟ್ಟಿಯ ಖಾಲಿ ಜಾಗದಲ್ಲಿ ಕೆಂಪು ಮಸಿಯಿಂದ ಬರೆದರು. ಊರು ಒಂದು ದ್ವೀಪರಾಷ್ಟ್ರದ ಮೇಲಕ್ಕೆ ಬಂದು ನಿಂತಿತು. ಆ ದೇಶದ ಹೆಸರನ್ನು ಕಚೇರಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಉಚ್ಚರಿಸುತ್ತಿದ್ದರೂ ಅದಕ್ಕಿಂತ ನಾವು ಮೇಲೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಸುದ್ದಿ ಭದ್ರಾವತಿಗೂ ಹೋಯಿತು, ಗಣರಾಜ್ಯೋತ್ಸವದ ಭಾಷಣದಲ್ಲೂ ಬಂತು. ಹಾಲಿನ ವಿಷಯವನ್ನು ಭಾಷಣಕಾರರು ಎತ್ತಲಿಲ್ಲ.

ಅದೇ ತಿಂಗಳು ಕಚೇರಿಗೆ ಹೊಸ ಮೆಟ್ರಿಕ್ ತೂಕದ ಬಟ್ಟುಗಳೂ ಒಂದು ತಕ್ಕಡಿಯೂ ಬಂದವು. ಒಂದು ಪಾವು ಅಕ್ಕಿಗೆ ಎಷ್ಟು ಗ್ರಾಂ ಎಂದು ಗೊತ್ತುಮಾಡಿ ಬರಲು ನರಸಿಂಹಮೂರ್ತಿಗಳು ಹೇಳಿದ್ದರಿಂದ, ಷಣ್ಮುಖಪ್ಪ ಒಂದು ಭಾನುವಾರ ತಕ್ಕಡಿಯನ್ನು ಮನೆಗೆ ತಂದು ಅಡುಗೆಮನೆಯಲ್ಲಿಯೇ ಕೂತ. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ಹೆಂಡತಿ ಅಕ್ಕಿ ಅಳೆಯುವುದನ್ನು ಅವನು ಕಣ್ಣಿಟ್ಟು ನೋಡಿದ್ದು ಅಂದೇ ಮೊದಲು. ಬಸವರಾಜೇಶ್ವರಿ ಎರಡು ಪಾವು ಅಳೆದು ಮೊರಕ್ಕೆ ಸುರಿದಳು. ಸುರಿದವಳು ಅದರಿಂದ ಒಂದು ಹಿಡಿ ತೆಗೆದು, ಕಣ್ಣಿಗೊತ್ತಿಕೊಂಡು, ಮತ್ತೆ ಗಡಿಗೆಗೆ ಹಾಕಿದಳು.

"ಅದ್ಯಾಕೆ ವಾಪಸ್ ಹಾಕ್ದೆ?"

"ಯಾಕೆ ಅಂದ್ರೆ? ಅಳೆದ ಮೇಲೆ ಒಂದು ಹಿಡಿ ಗಡಿಗೆಗೆ ಹಾಕ್ಬೇಕು. ನಮ್ಮವ್ವ ಹಾಕ್ತಿದ್ಲು, ನಿಮ್ಮವ್ವನೂ ಹಾಕ್ತಾರೆ. ಗಡಿಗೆ ಬರಿದಾಗಬಾರ್ದು ಅಂತ. ಏನ್ರೀ, ಊರೋರ ಮನೆ ಅನ್ನ ಅಳೆಯೋರು ನೀವು, ಇದು ಗೊತ್ತಿಲ್ವಾ?"

"ಎಲ್ಲಾರೂ ಹಾಕ್ತಾರಾ?"

"ಕೈ ಇರೋರೆಲ್ಲ ಹಾಕ್ತಾರೆ."

"ಎಲ್ಲಿ, ಆ ಒಂದು ಹಿಡೀನ ಈ ತಟ್ಟೆಗೆ ಹಾಕು, ತೂಗ್ತೀನಿ."

ಬಸವರಾಜೇಶ್ವರಿ ಗಡಿಗೆಯ ಬಾಯಿಗೆ ಅಂಗೈ ಮುಚ್ಚಿದಳು. "ಅದನ್ನೆಲ್ಲ ತೂಗಬಾರ್ದು. ಅದು ಲೆಕ್ಕಕ್ಕೆ ಸೇರಿದ್ದಲ್ಲ."

ಅವನು ಒತ್ತಾಯ ಮಾಡಲಿಲ್ಲ. ಮೊರದಲ್ಲಿ ಉಳಿದದ್ದನ್ನು ತೂಗಿದ. ಮತ್ತೆ ಎರಡು ಪಾವು ಅಳೆಯಿಸಿ ಅದನ್ನು ತೂಗಿದ. ಒಂದರಿಂದ ಒಂದನ್ನು ಕಳೆದ. ಮೂವತ್ತೈದು ಗ್ರಾಂ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಐದು ಜನರ ಸಂಸಾರವಾದರೆ ತಲೆಗೆ ಹದಿನಾಲ್ಕು ಗ್ರಾಂ, ಅಂದರೆ ಸುಮಾರು ಐವತ್ತು ಕ್ಯಾಲೊರಿ. ಎರಡು ಸಾವಿರದ ನಲವತ್ತರಿಂದ ಐವತ್ತು ಕಳೆಯಲು ಅವನಿಗೆ ಪೆನ್ಸಿಲ್ ಬೇಕಾಗಲಿಲ್ಲ. ಗೆರೆಯ ಮೇಲಿದ್ದ ಊರು ಕೆಳಗೆ ಬಂತು. ಅವನು ತಕ್ಕಡಿಯ ಮುಂದೆಯೇ ಕೂತಿದ್ದನ್ನು ಕಂಡು ಬಸವರಾಜೇಶ್ವರಿ, "ತಕ್ಕಡಿ ಎತ್ತಿಡಿ, ಒಲೆ ಹಚ್ಬೇಕು" ಎಂದಳು.

ಮರುದಿನ ಸಾಲುಮನೆಗೆ ಹೋದವನೇ ಕಾಶಮ್ಮನ ಎದುರು ವಿಷಯ ತೆಗೆದ. ಆಕೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಮೂರು ತಿಂಗಳು ಬಾಗಿಲಲ್ಲಿ ಕೂತಿದ್ರಲ್ಲ ಕಾಶಮ್ಮನೋರೇ, ಒಂದು ಮಾತು ಹೇಳಬಾರ್ದಿತ್ತಾ?"

"ನೀನು ಕೇಳಿದ್ದೇನು ತಮ್ಮಾ? ಎಷ್ಟು ಪಾವು ಅಳೆದ್ರು ಅಂತ. ಅಳೆದಿದ್ದನ್ನ ಹೇಳ್ದೆ. ಎಷ್ಟು ಬೆಂತು ಅಂತ ನೀನೆಲ್ಲಿ ಕೇಳ್ದೆ?"

"ಆ ಹಿಡಿ ಎಲ್ಲಾ ಮನೇಲೂ ಒಂದೇ ಸಮ ಇರುತ್ತಾ?"

ಕಾಶಮ್ಮ ಅಡಕೊತ್ತನ್ನು ಕೆಳಗಿಟ್ಟಳು. "ನಿನ್ನ ಮನೇಲಿ ಹಿಡಿ ಹಿಡಿಯಷ್ಟೇ ಇರುತ್ತೆ. ಇಲ್ಲಿ ಹಾಗಲ್ಲಪ್ಪ. ಬೇಕಾದ್ರೆ ತೂಗ್ಕೋ. ಗಡಿಗೆಗೆ ಹೋಗಿದ್ದನ್ನ ಮುಟ್ಟೋಕೆ ಯಾರೂ ಬಿಡೋದಿಲ್ಲ. ಪಾತ್ರೆಗೆ ಹೋಗೋದನ್ನ ತೂಗ್ಕೊಂಡ್ರೆ ಯಾರೂ ಬೇಡ ಅನ್ನಲ್ಲ. ಮೊರ ನಾನು ತಂದುಕೊಡ್ತೀನಿ."

ಹೀಗೆ ಫೆಬ್ರವರಿಯ ಮೂರು ವಾರ, ಕಚೇರಿಗೆ ತಿಳಿಸದೆ, ಅವನು ನಲವತ್ತು ಮನೆಗಳ ಅಕ್ಕಿಯನ್ನು ಮತ್ತೆ ತೂಗಿದ. ಒಳಗೆ ಪಾವಿನ ಎಣಿಕೆ ಮೊದಲಿನಂತೆಯೇ ಗಟ್ಟಿಯಾಗಿ ಕೇಳುತ್ತಿತ್ತು. ಆಮೇಲೆ ಕಾಶಮ್ಮ ಮೊರವನ್ನೇ ಹೊರಕ್ಕೆ ತರುತ್ತಿದ್ದಳು. ತಮಿಳು ಫಿಟ್ಟರನ ಮನೆಯಲ್ಲಿ ಕೊರತೆ ಚಿಟಿಕೆಯಷ್ಟು. ಅವನಿಗೆ ಒಳ್ಳೆಯ ಸಂಬಳ. ತೆಲುಗಿನವರ ಮನೆಯೊಂದರಲ್ಲಿ ಎರಡು ಹಿಡಿ. ಸಾಲಿನ ಕೊನೆಯ ಕಡೆಗೆ ಹೋದಂತೆ ಕೊರತೆ ಬೆಳೆಯುತ್ತಾ ಹೋಯಿತು. ಚೌಡಮ್ಮನೆಂಬ ಹೆಂಗಸಿನ ಮನೆಯಲ್ಲಿ ನಾಲ್ಕು ಪಾವು ಎಣಿಸಿದ್ದನ್ನು ಅವನ ಕಿವಿಯೇ ಕೇಳಿತ್ತು. ಮೊರದಲ್ಲಿದ್ದದ್ದು ಮೂರು ಪಾವಿಗೂ ಕಡಿಮೆ.

"ಇದು ಹಿಡಿಯಲ್ಲ ಕಾಶಮ್ಮನೋರೇ. ಒಂದು ಪಾವಿಗೂ ಮೇಲೆ ವಾಪಸ್ ಹೋಗಿದೆ."

"ಮೆತ್ತಗೆ ಮಾತಾಡು ಮಾರಾಯ. ನಡುಮನೇಲಿ ಅವಳತ್ತೆ ಮಲಗಿದಾಳೆ. ಕಣ್ಣು ಕಾಣ್ಸಲ್ಲ, ಕಿವಿ ಚುರುಕು. ನಾಲ್ಕು ಪಾವಿಗೆ ಒಂದು ಕಡಿಮೆ ಎಣಿಸಿದ್ರೆ, ನನ್ನ ಮಗನ ಅನ್ನಕ್ಕೆ ಕಲ್ಲು ಹಾಕ್ತೀಯಾ ಅಂತ ಸಾಲಿಗೆಲ್ಲ ಕೇಳೋಹಾಗೆ ಕೂಗ್ತಾಳೆ. ಗಡಿಗೆಗೆ ಹಾಕಿದ್ದಕ್ಕೆ ಯಾರೂ ಮಾತಾಡೋ ಹಾಗಿಲ್ಲ. ಅದು ಶಾಸ್ತ್ರ. ಹಾಗೆ ಮಾಡಿದ್ರೇನೇ ಅಕ್ಕಿ ತಿಂಗಳ ಕೊನೇತನಕ ಬರೋದು."

"ಮತ್ತೆ ಅನ್ನ ಕಡಿಮೆ ಬೀಳಲ್ವಾ?"

"ಬೀಳುತ್ತೆ."

"ಯಾರಿಗೆ?"

"ಕೊನೇಲಿ ಉಣ್ಣೋರಿಗೆ" ಎಂದಳು ಕಾಶಮ್ಮ. ಮೊರ ಎತ್ತಿಕೊಂಡು ಒಳಗೆ ಹೋದಳು. ಒಳಗೆ ಚೌಡಮ್ಮನ ನಾಲ್ಕು ತಿಂಗಳ ಕೂಸು ಅಳುತ್ತಿತ್ತು.

ಅವನು ಅಂದು ಸಂಜೆ ರೈಲಿನಲ್ಲಿ ಕೂತು ನಲವತ್ತು ಮನೆಗಳ ಸರಾಸರಿ ತೆಗೆದ. ಸಾವಿರದ ಎಂಟುನೂರ ಎಪ್ಪತ್ತು. ಶಿವಮೊಗ್ಗ ಬರುವಷ್ಟರಲ್ಲಿ ಇನ್ನೆರಡು ಸಲ ತೆಗೆದ, ಅಂಕಿ ಬದಲಾಗಲಿಲ್ಲ. ಅವನ ಮುಂದಿದ್ದ ದಾರಿಗಳು ಎರಡೇ, ಎರಡೂ ಸ್ಪಷ್ಟವಾಗಿದ್ದವು. ಸುಮ್ಮನಿದ್ದರೆ ಪಟ್ಟಿ ಮಾರ್ಚ್ ಹತ್ತರಂದು ಬೆಂಗಳೂರಿಗೆ ಹೋಗುತ್ತದೆ, ಕೆಲಸ ಮುಂದುವರಿಯುತ್ತದೆ, ಹಾಲಿನ ಕೇಂದ್ರ ಬೇರೆ ಊರಿಗೆ ಹೋಗುತ್ತದೆ. ಹೇಳಿದರೆ, ಖುದ್ದಾಗಿ ಪರಿಶೀಲಿಸದ ಅಳತೆಗೆ ಇನ್ನೂರು ಸಲ ರುಜು ಹಾಕಿದವನು ತಾನೆಂದು ತಾನೇ ಬರೆದುಕೊಟ್ಟಂತಾಗುತ್ತದೆ.

ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲವನ್ನೂ ಹೇಳಿದ. ಬಸವರಾಜೇಶ್ವರಿ ಸೌಟು ಕೆಳಗಿಟ್ಟಳು.

"ಈ ಮನೆ ಬಿಡಬೇಕಾಗುತ್ತಾ?"

"ಬಿಡಬೇಕಾಗಬಹುದು."

"ಮತ್ತೆ ಹೊಳಲೂರಿಗಾ?"

"ಗೊತ್ತಿಲ್ಲ."

"ನಾನೇ ಆವತ್ತು ನಿಮ್ಮ ಕಣ್ಣೆದುರಿಗೆ ಹಾಕಬಾರ್ದಿತ್ತು" ಎಂದು ಆಕೆ ಎದ್ದು ಹೋದಳು. ಅದು ಪಶ್ಚಾತ್ತಾಪವೋ ಸಿಟ್ಟೋ ಅವನಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಮಜ್ಜಿಗೆ ತಂದು ಬಡಿಸುತ್ತಾ, "ಸಾಹೇಬರ ಹತ್ರ ಹೋಗುವಾಗ ಒಗೆದ ಅಂಗಿ ಹಾಕ್ಕೊಂಡು ಹೋಗಿ" ಎಂದಳು.

ನರಸಿಂಹಮೂರ್ತಿಗಳು ನಲವತ್ತು ಮನೆಗಳ ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಬೈಯಲಿಲ್ಲ, ಬೈದಿದ್ದರೆ ಷಣ್ಮುಖಪ್ಪನಿಗೆ ಹಗುರವಾಗುತ್ತಿತ್ತು.

"ನಿಮ್ಮ ಕೂಡೋದು ಕಳೆಯೋದು ಸರಿಯಾಗಿದೆ. ಈಗ ನಾನೊಂದು ಮಾತು ಕೇಳ್ತೀನಿ. ಆ ಪಟ್ಟಿ ನೋಡಿ. ಅಲ್ಲಿರೋ ದೇಶಗಳಲ್ಲೆಲ್ಲ ಅಳತೆ ಬರಕೊಂಡೋರು ಅಡುಗೆಮನೆ ಒಳಗೆ ಹೋಗಿ ಬರಕೊಂಡ್ರಾ?"

"ಗೊತ್ತಿಲ್ಲ ಸಾರ್."

"ನನಗೂ ಗೊತ್ತಿಲ್ಲ. ಅವರೂ ನಿಮ್ಮ ಹಾಗೆ ಜಗುಲಿ ಮೇಲೇ ಕೂತಿರಬಹುದು. ಆ ದ್ವೀಪದಲ್ಲೂ ಒಬ್ಬಳು ಹೆಂಗಸು ಅಳೆದಿದ್ದರಲ್ಲಿ ಏನೋ ಒಂದಿಷ್ಟು ವಾಪಸ್ ಹಾಕಿರಬಹುದು. ಎಲ್ಲರ ತಕ್ಕಡೀಲೂ ಒಂದೇ ದೋಷ ಇದ್ದರೆ ಹೋಲಿಕೆ ಕೆಡೋದಿಲ್ಲ ಕಣ್ರೀ. ನಾವೊಬ್ಬರೇ ತಿದ್ದಿಕೊಂಡರೆ ಆಗ ಕೆಡುತ್ತೆ. ನಾವು ಇರೋದಕ್ಕಿಂತ ಕೆಳಗೆ ಕಾಣ್ತೀವಿ. ಗಣಿತದ ಪ್ರಕಾರ ನಿಮ್ಮ ನಿಜ ನಮ್ಮ ಪಟ್ಟೀನ ಸುಳ್ಳು ಮಾಡುತ್ತೆ."

ಮಾತಿನಲ್ಲಿ ತಪ್ಪಿರಲಿಲ್ಲ. ಷಣ್ಮುಖಪ್ಪ ಪಟ್ಟಿಯ ಕಡೆ ನೋಡಿದ; ಅಷ್ಟು ದೇಶಗಳ ಹೆಸರುಗಳೂ ಮೊದಲಿಗಿಂತ ಕೊಂಚ ಅಪರಿಚಿತವಾಗಿ ಕಂಡವು.

"ಹೋಲಿಕೆ ವಿಷಯ ನೀವು ಹೇಳಿದ್ದು ಸರಿ ಸಾರ್. ಆದರೆ ಹಾಲಿನ ಕೇಂದ್ರಕ್ಕೆ ಗೆರೆ ಎಳೆದಿರೋದು ಬೇರೆ ದೇಶಕ್ಕೆ ಹೋಲಿಸಿ ಅಲ್ಲ. ಎರಡು ಸಾವಿರ ಅಂತ ಎಳೆದಿದ್ದಾರೆ. ಎರಡು ಸಾವಿರ ಹೊಟ್ಟೆಗೆ ಹೋಗಿದೆಯಾ ಇಲ್ವಾ ಅಂತ ಕೇಳಿದ್ದಾರೆ. ಹೋಗಿಲ್ಲ."

ನರಸಿಂಹಮೂರ್ತಿಗಳು ಕಿಟಕಿಯ ಕಡೆ ತಿರುಗಿದರು. ಕೆಳಗೆ ಜವಳಿ ಅಂಗಡಿಯಲ್ಲಿ ಯಾರೋ ಚೌಕಾಸಿ ಮಾಡುತ್ತಿದ್ದರು. ಗಜದಿಂದ ಅಳೆಯಬೇಕೋ ಮೀಟರಿನಿಂದಲೋ ಎಂಬ ಜಗಳ. ಆ ಜಗಳ ಮುಗಿದ ಮೇಲೆ ಅವರು ಈ ಕಡೆ ತಿರುಗಿದರು.

"ಬರೀರಿ. ಹಳೇ ಅಳತೆ ಹೇಗೆ ತೆಗೆದ್ರಿ, ಹೊಸದು ಹೇಗೆ ತೆಗೆದ್ರಿ, ಎಲ್ಲ ಬರೀರಿ. ಮಾರ್ಚ್ ಮೂವತ್ತೊಂದಕ್ಕೆ ಏನಾಗುತ್ತೆ ಅಂತ ಗೊತ್ತಿದೆ ತಾನೆ?"

"ಗೊತ್ತಿದೆ ಸಾರ್."

ಅವನು ನಾಲ್ಕು ಪುಟ ಬರೆದು ರುಜು ಹಾಕಿದ. ನರಸಿಂಹಮೂರ್ತಿಗಳು ಅದನ್ನು ಓದಿ, ಎರಡು ಕಡೆ ವಾಕ್ಯ ತಿದ್ದಿ, ಅವನ ರುಜುವಿನ ಕೆಳಗೆ ತಮ್ಮದನ್ನೂ ಹಾಕಿದರು. ಅವನು ಬೆರಗಾಗಿ ನೋಡಿದ್ದಕ್ಕೆ, "ಒಬ್ಬನ ಹೆಸರಿದ್ದರೆ ತಪ್ಪು ಅಂತಾರೆ. ಇಬ್ಬರದಿದ್ದರೆ ಪದ್ಧತಿ ಅಂತಾರೆ" ಎಂದರು. ಆಮೇಲೆ ತಾವೇ ಕುರ್ಚಿ ಹತ್ತಿ, ಕೆಂಪು ಮಸಿಯ ಅಂಕಿಯನ್ನು ಹೊಡೆದುಹಾಕಿ, ಭದ್ರಾವತಿಯನ್ನು ದ್ವೀಪರಾಷ್ಟ್ರದಿಂದ ಕೆಳಕ್ಕೆ ಇಳಿಸಿದರು.

ಮಾರ್ಚ್ ಇಪ್ಪತ್ತಾರರ ತಪಾಲಿನಲ್ಲಿ ಬೆಂಗಳೂರಿನಿಂದ ಎರಡು ಕಾಗದ ಒಟ್ಟಿಗೆ ಬಂದವು. ಒಂದರಲ್ಲಿ, ತಿದ್ದಿದ ಅಂಕಿಯ ಆಧಾರದ ಮೇಲೆ ಭದ್ರಾವತಿಯ ಸಾಲುಮನೆಗಳಿಗೆ ಹಾಲಿನ ಕೇಂದ್ರ ಮಂಜೂರಾಗಿದೆಯೆಂದೂ, ಮಕ್ಕಳ ಮತ್ತು ತಾಯಂದಿರ ಹೆಸರಿನ ಪಟ್ಟಿಯನ್ನು ಸೋಮವಾರದೊಳಗೆ ಕಳಿಸಬೇಕೆಂದೂ ಇತ್ತು. ಇನ್ನೊಂದರಲ್ಲಿ, ಕ್ಷೇತ್ರಕಾರ್ಯದಲ್ಲಿ ಅಜಾಗರೂಕತೆ ಕಂಡುಬಂದಿರುವುದರಿಂದ ತಾತ್ಕಾಲಿಕ ನೌಕರ ಷಣ್ಮುಖಪ್ಪನ ಸೇವೆಯನ್ನು ಮುಂದುವರಿಸಲಾಗುವುದಿಲ್ಲವೆಂದು ಇತ್ತು. ನರಸಿಂಹಮೂರ್ತಿಗಳಿಗೆ ಬೇರೆಯಾಗಿ ಬಂದ ಎಚ್ಚರಿಕೆಯ ಕಾಗದವನ್ನು ಅವರು ಅವನಿಗೆ ತೋರಿಸಲಿಲ್ಲ; ಬೀರುವಿನಲ್ಲಿಟ್ಟು, ಮುಚ್ಚದ ಬಾಗಿಲನ್ನು ಒತ್ತಿ ಹಿಡಿದು ಬೀಗ ಹಾಕಿದರು. ನವುಲೆಯ ಕೃಷಿ ಕ್ಷೇತ್ರದಲ್ಲಿ ಭತ್ತದ ಮಾದರಿ ತೂಗಲು ದಿನಗೂಲಿಗೆ ಜನ ಬೇಕಾಗಿದ್ದಾರೆಂದು ಮಾತ್ರ ಹೇಳಿದರು.

ಮರುದಿನ ಅವನು ಭದ್ರಾವತಿಗೆ ಇಳಿದಾಗ ಭೂತಪ್ಪ ಸ್ಟೇಷನ್ನಿನ ಹೊರಗೇ ಸಿಕ್ಕ.

"ಬಂದ್ಯಾ? ಅಮೆರಿಕದ ಪಕ್ಕ ಕೂರಿಸಿದ್ದೆ, ಈಗ ಎಲ್ಲಿಗೆ ತಂದು ಹಾಕ್ದೆ ಮಾರಾಯ? ಅದ್ಯಾವುದೋ ದ್ವೀಪಕ್ಕಿಂತ ಕೆಳಗಂತೆ ನಾವು. ಮಾನ ಹೋಯ್ತಲ್ಲ!"

"ಹೋಯ್ತು. ನಿನಗೆ ಎಷ್ಟು ಮಕ್ಕಳು?"

"ಮೂರು. ಯಾಕೆ?"

"ಹೆಸರು ಹೇಳು. ಹಾಲಿಗೆ."

ಭೂತಪ್ಪ ಮೂರು ಹೆಸರನ್ನೂ ಹೇಳಿದ. ಕಡೆಯದನ್ನು ಸರಿಯಾಗಿ ಬರೆದುಕೊಂಡನೋ ಇಲ್ಲವೋ ಎಂದು ಬಗ್ಗಿ ನೋಡಿಯೂ ಹೋದ.

ಕಾಶಮ್ಮ ಮನೆಮನೆಗೂ ಕೂಗಿ ಹೇಳಿದಳು. ಮಧ್ಯಾಹ್ನದವರೆಗೆ ಅವನು ಜಗುಲಿಯಿಂದ ಜಗುಲಿಗೆ ನಡೆದು ಮಕ್ಕಳ ಹೆಸರು ಬರೆದ. ಹುಟ್ಟಿದ ವರ್ಷ ನೆನಪಿಲ್ಲದವರು ಕುಲುಮೆ ದುರಸ್ತಿಯಾದ ವರ್ಷ, ಹೊಳೆ ತುಂಬಿ ಬಂದ ವರ್ಷ ಎಂದು ಗುರುತು ಹೇಳಿದರು. ತಾಯಂದಿರ ಪುಟ ಮಾತ್ರ ಖಾಲಿಯಾಗಿಯೇ ಉಳಿಯಿತು. ಮೊಲೆಯೂಡುವವರು ಯಾರೆಂದು ಕೇಳಿದರೆ ಒಳಗಿನಿಂದ ಪಕ್ಕದ ಮನೆಯವಳ ಹೆಸರು ಬರುತ್ತಿತ್ತು. ಪಕ್ಕದ ಮನೆಗೆ ಹೋದರೆ ಅದರಾಚೆಯವಳದು. ತನ್ನ ಹೊಟ್ಟೆಗೆಂದು ಹೆಸರು ಕೊಡಲು ಎಲ್ಲರಿಗೂ ಸಂಕೋಚ.

"ನಿನ್ನ ಕೆಲ್ಸ ಹೋಯ್ತಂತೆ?" ಎಂದಳು ಕಾಶಮ್ಮ, ಸಾಲಿನ ಕೊನೆಗೆ ಬಂದಾಗ.

"ಮೂವತ್ತೊಂದರ ತನಕ ಇದೆ."

"ಹಂಗಾದ್ರೆ ಇನ್ನೂ ಸಾಹೇಬನೇ. ದಬಾಯಿಸಿ ಕೇಳು, ಹೇಳ್ತಾರೆ."

ಅವನು ದಬಾಯಿಸಲಿಲ್ಲ. ಚೌಡಮ್ಮನ ಜಗುಲಿಯಲ್ಲಿ ಕೂತು ಅವಳ ನಾಲ್ಕು ಮಕ್ಕಳ ಹೆಸರು ಬರೆದುಕೊಂಡ. ಆಮೇಲೆ ಪುಟ ತಿರುವಿ, ಕಾಶಮ್ಮನ ಮೂಲಕವಲ್ಲದೆ ನೇರವಾಗಿ ಕದದ ಕಡೆಗೆ ತಿರುಗಿ ಹೇಳಿದ:

"ಇದು ಮಕ್ಕಳದಲ್ಲ ತಾಯೀ. ಕೂಸಿಗೆ ಹಾಲು ಕೊಡೋರಿಗೆ ಬೇರೆ ಪಾಲು. ಕೇಂದ್ರಕ್ಕೇ ಬಂದು, ಹಾಲು ಕೊಡೋರೆದುರಿಗೇ ಕುಡಿದು ಹೋಗಬೇಕು. ಮನೆಗೆ ತಗೊಂಡು ಹೋಗೋ ಹಾಗಿಲ್ಲ."

ನಡುಮನೆಯಿಂದ ಮುದುಕಿ, "ಯಾರದು, ಏನಂತೆ?" ಎಂದು ಕೇಳಿದಳು.

"ಸರ್ಕಾರದ ಕಾನೂನಂತೆ ಕಣಜ್ಜಿ, ಹೆಸರು ಕೊಡಲೇಬೇಕಂತೆ!" ಎಂದು ಕಾಶಮ್ಮ ಇಲ್ಲದ ಕಾನೂನನ್ನು ಗಟ್ಟಿಯಾಗಿ ಸಾರಿದಳು.

"ಕಾನೂನಾದ್ರೆ ಕೊಡು ಮತ್ತೆ" ಎಂದಳು ಮುದುಕಿ.

ಕದದ ಹಿಂದೆ ಬಳೆಯ ಸದ್ದಾಯಿತು. "ಚೌಡಮ್ಮ" ಎಂದು ಒಂದು ದನಿ ಮೆಲ್ಲಗೆ ಹೇಳಿತು. ಗಂಡನ ಹೆಸರೂ ಬೇಕೇ ಎಂದು ಕೇಳಿತು. ಬೇಡವೆಂದು ಹೇಳಿ ಷಣ್ಮುಖಪ್ಪ ಆ ಪುಟದ ಮೊದಲನೆಯ ಸಾಲಿನಲ್ಲಿ ಅವಳ ಹೆಸರನ್ನು ಬರೆದ.